‘ರಿವರ್ಟ್ ಮಾಡ್ತೀನಿ’ ಅಂದ್ರೆ ಉತ್ತರ ಕೊಡೋದಾ, ಇದ್ದದ್ದನ್ನ ಹಿಂದಕ್ಕೆ ಒಯ್ಯೋದಾ?

ಚಿಗರಿ ಪ್ಯಾಸೆಂಜರ್

ನಮಸ್ಕಾರ ಎಲ್ಲರಿಗೂ. ಒಂದೇ ಒಂದು ಇಂಗ್ಲಿಷ್ ಶಬ್ದದಿಂದ ನನ್ನ ಶನಿವಾರ ಪೂರ್ತಿ ಹಾಳಾಯಿತು. ತಪ್ಪು ಯಾರದು ಅಂತ ನೀವೇ ಹೇಳಿ.

ನಾನು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿದ್ದೇನೆ. ಮನೆ ಧಾರವಾಡ, ದಿನಾ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು. ನಮ್ಮ ಗಿರಾಕಿ ಇಂಗ್ಲೆಂಡಿನವರು. ಅವರ ಅಂಗಡಿಯ ವೆಬ್‌ಸೈಟಿನಲ್ಲಿ ಹಣ ಕಟ್ಟುವ ಪುಟವನ್ನು ಹೊಸದಾಗಿ ಮಾಡಿ ಗುರುವಾರ ಹಾಕಿದ್ದೆವು. ಶುಕ್ರವಾರ ಸಂಜೆ ಆ ಪುಟದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ ಮೇಲ್ ಬಂತು. ಕಷ್ಟದ ಪ್ರಶ್ನೆಗಳಲ್ಲ, ಆದರೆ ಉತ್ತರ ಗೊತ್ತಿದ್ದವನು ಊರ ಜಾತ್ರೆಗೆ ಹೋಗಿದ್ದ. ನಾನು ಬಸ್ಸಿನಲ್ಲಿ ನಿಂತುಕೊಂಡೇ, ಒಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು, ನವನಗರ ದಾಟುವಷ್ಟರಲ್ಲಿ ಒಂದು ಸಾಲು ಬರೆದು ಕಳಿಸಿದೆ. ‘ಥ್ಯಾಂಕ್ಸ್, ವಿ ವಿಲ್ ರಿವರ್ಟ್ ಆನ್ ದ ಪೇಮೆಂಟ್ ಪೇಜ್ ಬೈ ಮಂಡೇ.’ ಸೋಮವಾರದೊಳಗೆ ಉತ್ತರ ಕೊಡ್ತೀವಿ ಅಂತ ನನ್ನ ಅರ್ಥ.

ಶನಿವಾರ ಎದ್ದು ನೋಡಿದರೆ ಮೂರು ಮೇಲ್. ‘ಪುಟ ಚೆನ್ನಾಗಿ ನಡೀತಾ ಇದೆ, ಅದನ್ನ ಯಾಕೆ ತೆಗೀತೀರಿ?’ ಅಂತ ಮೊದಲನೆಯದು. ‘ದಯವಿಟ್ಟು ಏನೂ ಮುಟ್ಟಬೇಡಿ’ ಅಂತ ಎರಡನೆಯದು. ಮೂರನೆಯದು ನಮ್ಮ ಸಾಹೇಬರಿಗೆ, ನನಗೆ ಪ್ರತಿ. ಹಳೇ ಪುಟವನ್ನೇ ಮತ್ತೆ ತಂದು ಕೂರಿಸುತ್ತೇವೆ ಅಂತ ನಾನು ಹೇಳಿದ ಹಾಗೆ ಅವರಿಗೆ ಅನಿಸಿದೆ. ಸಾಹೇಬರು ಫೋನಿನಲ್ಲಿ ‘ನೀ ಏನ್ ಬರದಿ?’ ಅಂದರು. ಓದಿ ಹೇಳಿದೆ. ‘ಸರಿ ಐತಲ್ಲ!’ ಅಂದರು. ಅವರಿಗೂ ತಪ್ಪು ಕಾಣಲಿಲ್ಲ.

ನಾನು ಹತ್ತು ವರ್ಷದಿಂದ ಹೀಗೇ ಬರೆಯುತ್ತಿದ್ದೇನೆ. ನನಗೆ ಬರುವ ಮೇಲ್‌ಗಳಲ್ಲೂ ಅರ್ಧಕ್ಕರ್ಧ ‘ಪ್ಲೀಸ್ ರಿವರ್ಟ್’ ಅಂತಲೇ ಮುಗಿಯುತ್ತವೆ. ಹಾಗಾದರೆ ಇಷ್ಟು ದಿನ ನಾವೆಲ್ಲ ತಪ್ಪೇ ಬರೆದಿದ್ದೇವಾ?

ಗದಗಿನ ಮಾಸ್ತರ

ತಮ್ಮಾ, ಬೈಯುವುದಕ್ಕಿಂತ ಮೊದಲು ಶಬ್ದ ಒಡೆದು ನೋಡೋಣ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು, ಈ ಚಟ ಹೋಗಿಲ್ಲ.

‘ರಿ’ ಅಂದರೆ ಹಿಂದಕ್ಕೆ. ‘ವರ್ಟ್’ ಬಂದದ್ದು ಲ್ಯಾಟಿನ್ನಿನ ‘ವರ್ತೆರೆ’ಯಿಂದ, ತಿರುಗು ಅಂತ ಅರ್ಥ. ಎರಡೂ ಸೇರಿದರೆ ಹಿಂದಕ್ಕೆ ತಿರುಗು. ಕನ್ವರ್ಟ್, ಡೈವರ್ಟ್, ಇನ್ವರ್ಟರ್ ಎಲ್ಲ ಇದೇ ಮನೆತನದವು. ಸಂಸ್ಕೃತದ ‘ವೃತ್’ ಕೂಡ ಈ ಮನೆತನದ ದಾಯಾದಿಯೇ. ಅದರಿಂದ ನಮಗೆ ವೃತ್ತ, ಪರಿವರ್ತನೆ, ಆವೃತ್ತಿ ಬಂದಿವೆ. ಪುಸ್ತಕದ ಆವೃತ್ತಿ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ‘ವರ್ಷನ್’ ಅನ್ನುತ್ತಾರಲ್ಲ, ಎರಡರ ಬೇರೂ ಒಂದೇ. ನಿವೃತ್ತಿಯೂ ಅಲ್ಲಿಂದಲೇ, ಹಿಂದಕ್ಕೆ ತಿರುಗಿದ್ದು ಅಂತ. ನಾನು ನಿವೃತ್ತ ಮಾಸ್ತರ, ಶಬ್ದದ ಲೆಕ್ಕದಲ್ಲಿ ಪೂರ್ತಿ ರಿವರ್ಟ್ ಆದವನು.

ಇನ್ನು ಬಳಕೆ. ಇಂಗ್ಲೆಂಡ್, ಅಮೆರಿಕದವರಿಗೆ ರಿವರ್ಟ್ ಅಂದರೆ ಮೊದಲಿದ್ದ ಸ್ಥಿತಿಗೆ, ಹಳೇ ರೂಢಿಗೆ, ಬಿಟ್ಟ ವಿಷಯಕ್ಕೆ ಅಥವಾ ಮೂಲ ಮಾಲೀಕನಿಗೆ ಹಿಂದಿರುಗುವುದು. ಶಬ್ದದ ನಂತರ ‘ಟು’ ಬರುತ್ತದೆ. ಆರು ತಿಂಗಳು ಗುಟ್ಕಾ ಬಿಟ್ಟವನು ಮತ್ತೆ ಶುರು ಮಾಡಿದರೆ ‘ಹಿ ರಿವರ್ಟೆಡ್ ಟು ಹಿಸ್ ಓಲ್ಡ್ ಹ್ಯಾಬಿಟ್’. ಆದರೆ ಹುಬ್ಬಳ್ಳಿಗೆ ಹೋಗಿ ಗದಗಿಗೆ ಬಂದೆ ಅನ್ನುವುದಕ್ಕೆ ರಿವರ್ಟ್ ನಡೆಯುವುದಿಲ್ಲ, ಅಲ್ಲಿ ‘ರಿಟರ್ನ್’. ಮನುಷ್ಯ ಊರಿಗೆ ರಿಟರ್ನ್ ಆಗುತ್ತಾನೆ, ಚಟಕ್ಕೆ ರಿವರ್ಟ್ ಆಗುತ್ತಾನೆ.

ನಿನ್ನ ವಾಕ್ಯದಲ್ಲಿ ರಿವರ್ಟ್ ಇತ್ತು, ಪಕ್ಕದಲ್ಲೇ ಪೇಮೆಂಟ್ ಪೇಜ್ ಇತ್ತು. ಅವರು ಇನ್ನೇನು ತಿಳಿದುಕೊಳ್ಳಬೇಕು ಹೇಳು.

ಕೋಡ್ ಕಟ್ಟೆ

ಮಾಸ್ತರು ಬಿಟ್ಟದ್ದು ಒಂದಿದೆ. ನಮ್ಮ ಕೆಲಸದಲ್ಲಿ ಇದು ದಿನಾ ಬಳಸುವ ಕಮಾಂಡು. ಕೋಡಿನ ಬದಲಾವಣೆಗಳ ದಾಖಲೆ ಇಡುವ ‘ಗಿಟ್’ನಲ್ಲಿ ರಿವರ್ಟ್ ಕೊಟ್ಟರೆ ನೀವು ಮಾಡಿದ ಬದಲಾವಣೆಯನ್ನು ರದ್ದು ಮಾಡುವ ಇನ್ನೊಂದು ಹೊಸ ಬದಲಾವಣೆ ಸೇರುತ್ತದೆ. ಹಳೇ ದಾಖಲೆ ಅಳಿಸಿ ಹೋಗಲ್ಲ, ಅದರ ಮೇಲೆ ‘ಇದನ್ನ ವಾಪಸ್ ತಗೊಂಡಿದ್ದೇವೆ’ ಅಂತ ಇನ್ನೊಂದು ಚೀಟಿ ಅಂಟಿಸಿದ ಹಾಗೆ. ವಿಕಿಪೀಡಿಯಾದಲ್ಲೂ ಅಷ್ಟೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹಿಂದಿನ ಸ್ಥಿತಿಗೆ ತಂದರೆ ಅದು ರಿವರ್ಟ್. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಹಾಗೆ ಮಾಡಬಾರದು ಅಂತ ನಿಯಮವೇ ಇದೆ, ಇಲ್ಲದಿದ್ದರೆ ಇಬ್ಬರು ಹಟಮಾರಿಗಳು ಬೆಳತನಕ ಅಳಿಸಿ ಬರೆದು ಮಾಡುತ್ತಾ ಕೂರುತ್ತಾರೆ.

ಸಾಫ್ಟ್‌ವೇರ್‌ನವರಾಗಿ, ಅದೂ ಹೊಸ ಪುಟ ಹಾಕಿದ ಮರುದಿನ, ಗಿರಾಕಿಗೆ ರಿವರ್ಟ್ ಅಂತ ಬರೆದಿರಲ್ಲ ಮಾರಾಯ್ರೇ! ನಾನಾಗಿದ್ದರೂ ಹೆದರುತ್ತಿದ್ದೆ.

ಲೈನ್ ಬಜಾರ್

ಎಲ್ಲರೂ ಸೇರಿ ಪಾಪ ಆ ಹುಡುಗನನ್ನು ಯಾಕೆ ಹಿಂಡುತ್ತೀರಿ? ರಿವರ್ಟ್ ಅಂದರೆ ಉತ್ತರ ಕೊಡು ಅನ್ನುವ ಅರ್ಥ ಇವತ್ತು ನಿನ್ನೆಯದಲ್ಲ. ಬ್ಯಾಂಕು, ವಿಮೆ, ಟೆಂಡರು, ಕೆಲಸದ ಜಾಹೀರಾತು, ಎಲ್ಲ ಕಡೆ ಇದೆ. ನಮ್ಮ ದೇಶದಲ್ಲಷ್ಟೇ ಅಲ್ಲ, ಸಿಂಗಾಪುರ, ಮಲೇಷ್ಯಾದ ಆಫೀಸುಗಳಲ್ಲೂ ಹೀಗೇ ಬರೆಯುತ್ತಾರೆ. ಆಕ್ಸ್‌ಫರ್ಡಿನವರ ಕಲಿಯುವವರ ನಿಘಂಟಿನಲ್ಲೂ ಭಾರತೀಯ ಇಂಗ್ಲಿಷ್ ಅಂತ ಗುರುತು ಹಾಕಿ ಈ ಅರ್ಥ ಕೊಟ್ಟಿದ್ದಾರೆ. ನಿಘಂಟಿನಲ್ಲಿ ಇದ್ದ ಮೇಲೆ ತಪ್ಪು ಹೇಗಾಗುತ್ತದೆ?

ಇಂಗ್ಲೆಂಡಿನವರು ಮಾತ್ರ ಇಂಗ್ಲಿಷಿನ ಮಾಲೀಕರು ಅನ್ನುವ ಕಾಲ ಹೋಯಿತು. ಪೋಸ್ಟ್‌ಪೋನ್‌ಗೆ ಎದುರಾಗಿ, ಗೊತ್ತಾದ ದಿನಕ್ಕಿಂತ ಮುಂಚೆ ಇಟ್ಟುಕೊಳ್ಳುವುದಕ್ಕೆ, ನಾವು ‘ಪ್ರಿಪೋನ್’ ಮಾಡಿದೆವು, ಎಷ್ಟು ಚಂದದ ಶಬ್ದ ಅದು! ಅವರ ಹತ್ತಿರ ಅದಕ್ಕೆ ಇಷ್ಟು ನೇರವಾದ ಪದ ಇರಲಿಲ್ಲ.

ಗದಗಿನ ಮಾಸ್ತರ

ನಿಘಂಟು ಅಂದರೆ ಖಾನೇಷುಮಾರಿ ಇದ್ದ ಹಾಗೆ ನೋಡಿ. ಊರಲ್ಲಿ ಯಾರು ಯಾರು ಇದ್ದಾರೆ ಅಂತ ಬರೆದುಕೊಂಡು ಹೋಗುತ್ತಾರೆ. ಅವರ ನಡತೆಗೆ ಸರ್ಟಿಫಿಕೇಟ್ ಕೊಡುವುದಿಲ್ಲ. ಭಾರತೀಯ ಅಂತ ಗುರುತು ಹಾಕಿದ್ದಾರೆ ಅಂದರೆ ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ ಅಂತಲೂ ಅರ್ಥ. ಪ್ರಿಪೋನ್ ವಿಷಯದಲ್ಲಿ ನಾನು ನಿಮ್ಮ ಕಡೆ. ಅದು ಇಲ್ಲದ ಜಾಗ ತುಂಬಿದ ಶಬ್ದ. ರಿವರ್ಟ್ ಹಾಗಲ್ಲ, ‘ರಿಪ್ಲೈ’ ಗಟ್ಟಿಮುಟ್ಟಾಗಿ ಕೂತಿರುವಾಗ ಅದರ ಕುರ್ಚಿಯಲ್ಲಿ ಹೋಗಿ ಕೂತಿದೆ.

ಫೈಲ್ ನಂಬರ್ ಹೇಳ್ರಿ

ಹಾವೇರಿಯಿಂದ. ಸರ್ಕಾರಿ ಕಚೇರಿಯಲ್ಲಿ 34 ವರ್ಷ ಗುಮಾಸ್ತಿಕೆ ಮಾಡಿದವನು ನಾನು. ನಮ್ಮಲ್ಲಿ ರಿವರ್ಟ್ ಅಂದರೆ ಯಾರಿಗೂ ನಗು ಬರುತ್ತಿರಲಿಲ್ಲ.

ಒಬ್ಬ ದ್ವಿತೀಯ ದರ್ಜೆ ಸಹಾಯಕನಿಗೆ ಬಡ್ತಿ ಕೊಟ್ಟು ಪ್ರಥಮ ದರ್ಜೆಗೆ ಕೂರಿಸುತ್ತಾರೆ ಅನ್ನಿ. ಜ್ಯೇಷ್ಠತೆ ಪಟ್ಟಿಯಲ್ಲಿ ಏನೋ ತಕರಾರು ಬರುತ್ತದೆ, ಆದೇಶ ರದ್ದಾಗುತ್ತದೆ, ಮನುಷ್ಯ ಹಳೇ ಹುದ್ದೆಗೆ ಬಂದು ಬೀಳುತ್ತಾನೆ. ಅದಕ್ಕೆ ರಿವರ್ಷನ್ ಅನ್ನುತ್ತಾರೆ, ಕನ್ನಡದ ಆದೇಶಗಳಲ್ಲಿ ಹಿಂಬಡ್ತಿ. ಒಂದು ಸಲ ನಮ್ಮ ಶಾಖೆಯಲ್ಲಿ ಒಬ್ಬರಿಗೆ ಹೀಗಾಯಿತು. ಬಡ್ತಿ ಬಂದ ದಿನ ಎಲ್ಲರಿಗೂ ಮಿರ್ಚಿ, ಚಹಾ ಕೊಡಿಸಿದ್ದರು. ಆದೇಶ ರದ್ದಾದ ದಿನ ಬೆಳಿಗ್ಗೆ ಬಂದವರೇ ಸುಮ್ನೆ ತಮ್ಮ ಕುರ್ಚಿಯ ಮೇಲಿನ ಟವೆಲ್ ಮಡಚಿದರು, ಟೇಬಲ್ ಖಾನೆಯಿಂದ ಚಷ್ಮಾ, ಪೆನ್ನು, ಔಷಧದ ಡಬ್ಬಿ ತೆಗೆದುಕೊಂಡರು, ಹಳೇ ಟೇಬಲ್ಲಿಗೆ ಹೋಗಿ ಕೂತರು. ನಡುವೆ ಇದ್ದದ್ದು ಆರು ಹೆಜ್ಜೆ. ಯಾರೂ ತಲೆ ಎತ್ತಲಿಲ್ಲ.

ಅದಕ್ಕೇ ನನ್ನ ಮಗ ಫೋನಿನಲ್ಲಿ ‘ಐ ವಿಲ್ ರಿವರ್ಟ್’ ಅಂದಾಗ ಮೊದಮೊದಲು ನನಗೆ ಎದೆ ಧಸಕ್ಕೆನ್ನುತ್ತಿತ್ತು. ಕೆಲಸಕ್ಕೆ ಏನೋ ಸಂಚಕಾರ ಬಂತು ಅಂತ.

ಚಿಗರಿ ಪ್ಯಾಸೆಂಜರ್

ಯಪ್ಪಾ, ಈ ಅರ್ಥ ನನಗೆ ಗೊತ್ತೇ ಇರಲಿಲ್ಲ ಕಾಕಾ. ನಮ್ಮ ಕಡೆ ಹಿಂಬಡ್ತಿಗೆ ‘ಡಿಮೋಷನ್’ ಅನ್ನುತ್ತಾರೆ.

ಫೈಲ್ ನಂಬರ್ ಹೇಳ್ರಿ

ಎರಡೂ ಒಂದೇ ಅಲ್ಲಪ್ಪಾ. ಡಿಮೋಷನ್ ಅಂದರೆ ಕೆಳಕ್ಕೆ ಇಳಿಸಿದ್ದು. ರಿವರ್ಷನ್ ಅಂದರೆ ಮೊದಲು ಎಲ್ಲಿದ್ದೆಯೋ ಅಲ್ಲಿಗೇ ಕಳಿಸಿದ್ದು. ಎರವಲು ಸೇವೆ ಮೇಲೆ ಬೇರೆ ಇಲಾಖೆಗೆ ಹೋದವನನ್ನು ಮಾತೃ ಇಲಾಖೆಗೆ ವಾಪಸ್ ಕಳಿಸುವಾಗಲೂ ಈ ಶಬ್ದ ಬರೆಯುವುದುಂಟು. ಅಲ್ಲಿ ಅವಮಾನ ಏನೂ ಇಲ್ಲ, ಎಷ್ಟೋ ಸಲ ಅದಕ್ಕೆ ಅರ್ಜಿ ಹಾಕಿಕೊಂಡು ಕಾಯುತ್ತಾರೆ.

ಕರಿಕೋಟು

ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ನಮ್ಮಲ್ಲಿ ಈ ಶಬ್ದದ ಹಿಂದೆ ಜಮೀನೇ ಇರುತ್ತದೆ. ಗುತ್ತಿಗೆ ಮುಗಿದ ಮೇಲೆ ಆಸ್ತಿ ಮಾಲೀಕನಿಗೆ ರಿವರ್ಟ್ ಆಗುತ್ತದೆ. ಯಾವುದೋ ಉದ್ದೇಶಕ್ಕೆ ಅಂತ ದಾನ ಕೊಟ್ಟ ಜಾಗವನ್ನು ಆ ಉದ್ದೇಶಕ್ಕೆ ಬಳಸದಿದ್ದರೆ ಕೊಟ್ಟವರಿಗೇ ರಿವರ್ಟ್ ಆಗಬೇಕು ಅಂತ ಪತ್ರದಲ್ಲಿ ಬರೆಸುವವರೂ ಇದ್ದಾರೆ.

ಹಳೇ ದಾವೆಗಳ ಕಾಗದ ಬಿಚ್ಚಿದರೆ ‘ರಿವರ್ಷನರ್’ ಅಂತ ಒಬ್ಬ ಕಾಣುತ್ತಾನೆ. 1956ಕ್ಕಿಂತ ಮೊದಲು ಹಿಂದೂ ವಿಧವೆಗೆ ಗಂಡನ ಆಸ್ತಿಯ ಮೇಲೆ ಪೂರ್ಣ ಹಕ್ಕು ಇರಲಿಲ್ಲ. ಬದುಕಿರುವವರೆಗೆ ಅನುಭವಿಸಬಹುದಿತ್ತು ಅಷ್ಟೇ. ಅವಳು ಸತ್ತ ಮೇಲೆ ಅದು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತಿತ್ತು, ಅವರೇ ಈ ರಿವರ್ಷನರ್‌ಗಳು. ಅವಳು ಎರಡು ಎಕರೆ ಮಾರಿದರೂ ಸಾಕು, ಗಂಡನ ದಾಯಾದಿ ಕೋರ್ಟಿಗೆ ಓಡುತ್ತಿದ್ದ, ‘ನಾಳೆ ನನಗೆ ಬರೋ ಆಸ್ತಿ’ ಅಂತ. ಆ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಹೆಂಗಸಿಗೆ ಪೂರ್ಣ ಹಕ್ಕು ಕೊಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ರಿವರ್ಟ್ ಶಬ್ದದ ಅತ್ಯಂತ ಕೆಟ್ಟ ಬಳಕೆ ನಿಮ್ಮ ಮೇಲ್‌ನಲ್ಲಿ ಅಲ್ಲ, ಇಲ್ಲಿತ್ತು.

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ಕಿತ್ತೂರಿನ ಜಗಳವೂ ಇದೇ ಜಾತಿಯದು. ಸ್ವಂತ ಮಗ ಇಲ್ಲ, ದತ್ತಕ ಒಪ್ಪುವುದಿಲ್ಲ, ಸಂಸ್ಥಾನ ನಮಗೆ ಬರಬೇಕು ಅಂತ ಕಂಪನಿಯವರು ಹಟ ಹಿಡಿದರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿನ ಕಾಳಗದಲ್ಲೇ ಸತ್ತ. ನರಗುಂದದ ಅರಸ ಬಾಬಾಸಾಹೇಬರಿಗೂ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲ, 1858ರಲ್ಲಿ ಅವರು ತಿರುಗಿ ಬಿದ್ದರು. ‘ಹಿಂದಕ್ಕೆ ಬರಬೇಕು’ ಅನ್ನುವವನು ಅದು ಮೊದಲು ತನ್ನದಾಗಿತ್ತಾ ಅಂತ ತೋರಿಸಬೇಕು, ಅಲ್ವಾ? ಕಂಪನಿಯವರಿಗೆ ಕಿತ್ತೂರನ್ನು ಕೊಟ್ಟವರು ಯಾರಿದ್ದರು, ಅದು ಅವರಿಗೆ ಹಿಂದಿರುಗಲಿಕ್ಕೆ?

ಗದಗಿನ ಮಾಸ್ತರ

ವಕೀಲರೇ, ‘ತಿರುಗಿ ಬಿದ್ದರು’ ಅಂತ ನೀವು ಸಹಜವಾಗಿ ಬರೆದದ್ದು ನೋಡಿ. ನಮ್ಮ ‘ತಿರುಗು’ ಎಷ್ಟು ಕೆಲಸ ಮಾಡುತ್ತದೆ! ಚಕ್ರ ತಿರುಗುತ್ತದೆ, ಕೆಲಸವಿಲ್ಲದವನು ಊರು ತಿರುಗುತ್ತಾನೆ, ಹೋದವನು ತಿರುಗಿ ಬರುತ್ತಾನೆ, ಸಿಟ್ಟಾದವನು ತಿರುಗಿ ಬೀಳುತ್ತಾನೆ, ಉದ್ಧಟ ಹುಡುಗ ಅಪ್ಪನಿಗೆ ತಿರುಗಿ ಮಾತಾಡುತ್ತಾನೆ. ಇವು ಯಾವುದನ್ನೂ ಇಂಗ್ಲಿಷಿನ ರಿವರ್ಟ್ ಮಾಡಲಾರದು.

ಲೈನ್ ಬಜಾರ್

ಮಾಸ್ತರೇ, ನಿಮ್ಮ ಬಾಯಿಂದಲೇ ಬಂತು! ತಿರುಗಿ ಮಾತಾಡುವುದು ಅಂದರೆ ಉತ್ತರ ಕೊಡುವುದೇ ತಾನೆ? ಉತ್ತರಕ್ಕೆ ಉತ್ತರ ಕೊಟ್ಟರೆ ಮಾರುತ್ತರ ಅನ್ನುತ್ತೇವೆ. ‘ಮರಳು’, ‘ಮರು’, ‘ಮಾರು’ ಎಲ್ಲ ಹಿಂದಿರುಗುವ ಕಡೆಯವೇ. ಅಂದರೆ ಹಿಂದಿರುಗುವುದಕ್ಕೂ ಉತ್ತರಕ್ಕೂ ಕನ್ನಡದಲ್ಲಿ ನಂಟು ಮೊದಲಿನಿಂದ ಇದೆ. ಮಾತು ನನ್ನ ಹತ್ತಿರ ಬಂತು, ನಾನು ಅದನ್ನು ನಿಮ್ಮ ಕಡೆ ತಿರುಗಿಸಿದೆ. ನಮ್ಮವರು ಈ ಬುದ್ಧಿಯಿಂದಲೇ ರಿವರ್ಟ್ ಅನ್ನು ಹಾಗೆ ತಗೊಂಡಿರಬೇಕು ಅಂತ ನನ್ನ ಊಹೆ. ಊಹೆ ಅಷ್ಟೇ, ಜಗಳ ಬೇಡ.

ಇಂಗ್ಲಿಷಿನವರೂ ಸಾಚಾ ಏನಲ್ಲ. ‘ಐ ವಿಲ್ ಗೆಟ್ ಬ್ಯಾಕ್ ಟು ಯೂ’ ಅಂದರೆ ಏನು? ನಿನ್ನ ಹತ್ತಿರ ವಾಪಸ್ ಬರ್ತೀನಿ ಅಂತ. ಅವರೇನು ವಿಮಾನ ಹತ್ತಿ ಬರುತ್ತಾರಾ? ಉತ್ತರ ಕೊಡ್ತೀನಿ ಅಂತ ತಾನೆ ಅರ್ಥ. ಅದು ಸರಿ, ನಮ್ಮ ರಿವರ್ಟ್ ಮಾತ್ರ ತಪ್ಪು!

ಫೈಲ್ ನಂಬರ್ ಹೇಳ್ರಿ

ಇದಕ್ಕೆ ನಾನೊಂದು ಸೇರಿಸುತ್ತೇನೆ. ಚುನಾವಣೆ ಕೆಲಸ ಹತ್ತಾರು ಸಲ ಮಾಡಿದ್ದೇನೆ. ಚುನಾವಣಾಧಿಕಾರಿಗೆ ಇಂಗ್ಲಿಷಿನಲ್ಲಿ ‘ರಿಟರ್ನಿಂಗ್ ಆಫೀಸರ್’. ಇವರು ಏನನ್ನ ರಿಟರ್ನ್ ಮಾಡುತ್ತಾರೆ ಅಂತ ತರಬೇತಿಯಲ್ಲಿ ಒಬ್ಬರು ಕೇಳಿದರು. ಪದ ಇಂಗ್ಲೆಂಡಿನದು. ಅಲ್ಲಿ ಚುನಾವಣೆ ಮಾಡಿ ಅಂತ ಒಂದು ರಾಜಾಜ್ಞೆ ಬರುತ್ತದೆ. ಗೆದ್ದವನ ಹೆಸರು ಅದರ ಮೇಲೆ ಬರೆದು ಅದನ್ನೇ ಹಿಂದಕ್ಕೆ ಕಳಿಸುವವನು ಈ ಅಧಿಕಾರಿ. ಕೇಳಿದ್ದಕ್ಕೆ ಕೊಟ್ಟ ಉತ್ತರವೇ ರಿಟರ್ನ್ ಆಯಿತು.

ಆದಾಯ ತೆರಿಗೆ ರಿಟರ್ನ್ ಕೂಡ ಇದೇ ಧಾಟಿ, ಸರ್ಕಾರ ಕೇಳಿದ ಲೆಕ್ಕವನ್ನು ಬರೆದು ಕೊಡುವುದು. ಜುಲೈ ಬಂತೆಂದರೆ ನಮ್ಮ ಓಣಿಯಲ್ಲಿ ಎಲ್ಲರೂ ‘ನಿಮ್ಮದು ರಿಟರ್ನ್ ಬಂತೇನ್ರಿ?’ ಅಂತ ಕೇಳುತ್ತಾರೆ. ರಿಟರ್ನ್ ಬರುವುದಲ್ಲ ಮಾರಾಯಾ, ಕೊಡುವುದು. ಬಂದರೆ ಅದು ರಿಫಂಡು.

ಗೋಕುಲ ರೋಡ್ ಟರ್ನರ್

ನಾನು ಐಟಿಐ ಟರ್ನರ್. ಸ್ವಂತದ್ದು ಎರಡು ಲೇತ್, ಅಂದರೆ ಲೋಹ ತಿರುಗಿಸಿ ಕಡೆಯುವ ಯಂತ್ರ, ಇವೆ. ನಿಮ್ಮ ಮಾತುಗಳನ್ನು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತು ಓದಿದೆ. ನನ್ನದೂ ಒಂದು ಪ್ರಶ್ನೆ ಇದೆ, ಸ್ವಲ್ಪ ಅರ್ಜೆಂಟು.

ಪುಣೆಯ ಒಂದು ಕಂಪನಿಯವರು ಒಂದು ಪಿತ್ತಾಳೆ ಬುಶ್ (ಸಣ್ಣ ಕೊಳವೆಯಂಥ ಭಾಗ) ಸ್ಯಾಂಪಲ್ ಕಳಿಸಿದ್ದಾರೆ. ಇಂಥದ್ದು 500 ಬೇಕಂತೆ. ಜೊತೆಗೆ ಮೇಲ್: ‘ಸ್ಯಾಂಪಲ್ ಸೆಂಟ್. ಕೈಂಡ್ಲಿ ಚೆಕ್ ಅಂಡ್ ರಿವರ್ಟ್ ವಿತ್ ಬೆಸ್ಟ್ ರೇಟ್.’ ಮಗಳ ಹತ್ತಿರ ಮೊಬೈಲಿನಲ್ಲಿ ಅರ್ಥ ನೋಡಿಸಿದೆ. ‘ಹಿಂತಿರುಗು, ಹಿಂದಿನ ಸ್ಥಿತಿಗೆ ಬರು’ ಅಂತ ತೋರಿಸಿತು. ಹಾಗಾದರೆ ಚೆಕ್ ಮಾಡಿ ರೇಟ್ ಜೊತೆ ಸ್ಯಾಂಪಲ್ ಹಿಂದಕ್ಕೆ ಕಳಿಸಬೇಕು ಅಂತಲೋ ಏನೋ?

ಚಿಗರಿ ಪ್ಯಾಸೆಂಜರ್

ಅಣ್ಣಾ, ರೇಟ್ ಬರೆದು ಉತ್ತರ ಕೊಡಿ ಅಂತ ಅಷ್ಟೇ. ಸ್ಯಾಂಪಲ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಅಳತೆಗೆ ಬೇಕಾಗುತ್ತದೆ.

ಗೋಕುಲ ರೋಡ್ ಟರ್ನರ್

ಬೆಳಿಗ್ಗೆನೇ ಕೊರಿಯರ್ ಮಾಡಿಬಿಟ್ಟೆನಲ್ಲೋ ತಮ್ಮಾ.

ಗದಗಿನ ಮಾಸ್ತರ

ಲೈನ್ ಬಜಾರ್ ಅವರೇ, ಈಗ ಹೇಳಿ. ನಮ್ಮ ದೇಶದಲ್ಲಿ ಎಲ್ಲ ಕಡೆ ಇದೆ ಅಂದಿರಿ. ಪುಣೆ, ಹುಬ್ಬಳ್ಳಿ ನಡುವೆಯೇ ಎಡವಟ್ಟಾಯಿತು.

ಟರ್ನರ್ ಅಣ್ಣಾ, ಬೇಜಾರಾಗಬೇಡಿ. ನಿಮಗೆ ಖುಷಿಯಾಗುವ ಒಂದು ವಿಷಯ ಹೇಳುತ್ತೇನೆ. ರಿಟರ್ನ್ ಅನ್ನುವ ಶಬ್ದ ನಿಮ್ಮ ಲೇತ್ ಮೇಲೆಯೇ ಹುಟ್ಟಿದ್ದು. ಗ್ರೀಕರು ಲೇತ್‌ನಂಥ ಕಡೆಯುವ ಯಂತ್ರಕ್ಕೆ ‘ಟೋರ್ನೋಸ್’ ಅನ್ನುತ್ತಿದ್ದರು. ಲ್ಯಾಟಿನ್ನಿನವರು ಅದನ್ನು ತಗೊಂಡು ಲೇತ್ ಮೇಲೆ ಕಡೆಯುವುದಕ್ಕೆ ‘ತೋರ್ನಾರೆ’ ಅಂದರು. ಫ್ರೆಂಚರ ಬಾಯಲ್ಲಿ ಅದು ಸುಮ್ನೆ ತಿರುಗುವುದು ಆಯಿತು. ಇಂಗ್ಲಿಷಿಗೆ ಬಂದು ಟರ್ನ್, ರಿಟರ್ನ್. ಟರ್ನಿಂಗ್ ಅನ್ನುವ ನಿಮ್ಮ ಕೆಲಸವೇ ಮೂಲ, ಊರಿಗೆ ರಿಟರ್ನ್ ಆಗುವ ನಾವೆಲ್ಲ ಆಮೇಲೆ ಬಂದವರು.

ಅದರಂತೆ ರಿವರ್ಟ್‌ನ ‘ವರ್ತೆರೆ’ ಹೊಲಕ್ಕೆ ಹೋಗುತ್ತದೆ. ಅದರಿಂದ ಬಂದ ‘ವರ್ಸುಸ್’ ಅಂದರೆ ನೇಗಿಲ ಸಾಲು. ಎತ್ತು ಈ ತುದಿಯಿಂದ ಆ ತುದಿಗೆ ಹೋಗಿ ತಿರುಗುತ್ತದಲ್ಲ, ಅದು. ಆಮೇಲೆ ಬರಹದ ಸಾಲಿಗೂ ಅದೇ ಶಬ್ದ ಹತ್ತಿತು, ಕಡೆಗೆ ಪದ್ಯಕ್ಕೆ ‘ವರ್ಸ್’ ಅಂತಾಯಿತು. ಹಳೇ ಗ್ರೀಕ್ ಶಾಸನಗಳಲ್ಲಿ ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ ಬರೆದದ್ದುಂಟು. ಎತ್ತು ತಿರುಗಿದ ಹಾಗೆ ಅಂತಲೇ ಅದಕ್ಕೆ ಹೆಸರು. ನಾವು ಮಾಡಿದ್ದೂ ಅದೇ ನೋಡಿ. ಹೊಲದಲ್ಲಿದ್ದರೂ ಸಾಲು, ಹಾಳೆಯ ಮೇಲಿದ್ದರೂ ಸಾಲು.

ಬ್ಯಾಡಗಿ ಖಾರ

ಮಾಸ್ತರೇ, ಎತ್ತಿನ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಪ್ಪ ರಂಟೆ ಹೊಡೆಯುವಾಗ ಬದುವಿನ ಹತ್ತಿರ ಬಂದ ಕೂಡಲೇ ಎಡಗಡೆ ಎತ್ತಿನ ಹಗ್ಗ ಜಗ್ಗಿ ‘ಹೊಳ್ಳು, ಹೊಳ್ಳು’ ಅನ್ನುತ್ತಿದ್ದ. ಒಳಗಿನ ಎತ್ತು ನಿಂತಲ್ಲೇ ಸಣ್ಣ ಸಣ್ಣ ಹೆಜ್ಜೆ ಇಡುತ್ತಿತ್ತು, ಹೊರಗಿನದು ದೊಡ್ಡ ಸುತ್ತು ಹಾಕಿ ಬರುತ್ತಿತ್ತು. ಅಪ್ಪ ರಂಟೆಯನ್ನು ಎತ್ತಿ ಹಿಡಿದು, ಪಕ್ಕದ ಸಾಲಿಗೆ ಇಳಿಸುತ್ತಿದ್ದ. ನಾನು ಬುತ್ತಿ ಗಂಟು ಹಿಡಿದು ಬದುವಿನ ಮೇಲೆ ಕೂತು ನೋಡುತ್ತಿದ್ದೆ. ‘ತಿರುಗು’ ಅಂತ ಒಂದು ದಿನವೂ ಅಂದವನಲ್ಲ. ನಮ್ಮ ಕಡೆ ಹಿಂದಿರುಗುವುದಕ್ಕೆ ಹೊಳ್ಳುವುದು ಅಂತಲೇ ಅಲ್ವಾ? ‘ಹೊಳ್ಳಿ ಬಾ’, ‘ಹೊಳ್ಳಿ ಕೊಡು’, ‘ಹೊಳ್ಳಿ ನೋಡಲಿಲ್ಲ’. ಮದುವೆಯಾಗಿ ಮೈಸೂರಿಗೆ ಹೋದ ನನ್ನ ತಂಗಿ ಒಂದು ಸಲ ಆಟೋದವನಿಗೆ ‘ಹೊಳ್ಳಿಸ್ರಿ’ ಅಂದಳಂತೆ. ಅವನು ಗಾಡಿ ನಿಲ್ಲಿಸಿ ‘ಏನಮ್ಮಾ, ಯಾವ ಹಳ್ಳಿ?’ ಅಂತ ಕೇಳಿದನಂತೆ.

ಹಾಗಾಗಿ ನನಗನಿಸುವುದು, ಇದು ಇಂಗ್ಲಿಷ್ ಸಮಸ್ಯೆಯೇ ಅಲ್ಲ. ನಮ್ಮ ಶಬ್ದ ಎದುರಿನವನಿಗೆ ಗೊತ್ತಿಲ್ಲದಿದ್ದರೆ ಮೈಸೂರೇನು, ಲಂಡನ್ನೇನು.

ಇನ್ನೊಂದು. ನಾನು ಸಣ್ಣ ನರ್ಸರಿ ನಡೆಸುತ್ತೇನೆ. ನಮ್ಮಲ್ಲಿಯೂ ರಿವರ್ಟ್ ಅನ್ನುವ ಮಾತು ಇದೆ. ಬಿಳಿ ಪಟ್ಟೆಯ ಮನಿಪ್ಲಾಂಟ್ ತಗೊಂಡು ಹೋಗುತ್ತಾರೆ, ಆರು ತಿಂಗಳಿಗೆ ಬಂದು ‘ನೀವು ಮೋಸ ಮಾಡಿದ್ರಿ, ಎಲ್ಲಾ ಹಸಿರಾಯ್ತು’ ಅನ್ನುತ್ತಾರೆ. ಕತ್ತಲೆ ಮೂಲೆಯಲ್ಲಿ ಇಟ್ಟರೆ ಬಿಳಿ ಪಟ್ಟೆ ಕಡಿಮೆಯಾಗುತ್ತಾ ಬರುತ್ತದೆ. ಕೆಲವು ಗಿಡಗಳಲ್ಲಿ ಒಂದು ಕುಡಿ ಪೂರ್ತಿ ಹಸಿರಾಗಿಯೇ ಹುಟ್ಟುತ್ತದೆ, ಹಳೇ ಗುಣಕ್ಕೆ ಹೊಳ್ಳಿದ ಹಾಗೆ. ಹಸಿರೆಲೆ ಜಾಸ್ತಿ ಆಹಾರ ಮಾಡುತ್ತದೆ, ಅದಕ್ಕೇ ಆ ಕುಡಿ ಜೋರಾಗಿ ಬೆಳೆದು ಪಟ್ಟೆಯವನ್ನು ಹಿಂದೆ ಹಾಕುತ್ತದೆ. ಕಂಡ ಕೂಡಲೇ ಆ ಕುಡಿಯನ್ನು ಬುಡದಲ್ಲೇ ಕತ್ತರಿಸಿ, ಗಿಡವನ್ನು ಬೆಳಕಿಗೆ ತನ್ನಿ.

ಕೋಡ್ ಕಟ್ಟೆ

ನಮ್ಮ ಮನೆಯದು ಹೀಗೇ ಆಗಿತ್ತು ಅಕ್ಕಾ. ಹೆಂಡತಿ ಅದನ್ನ ಬೇರೆ ಗಿಡ ಅಂತ ಎಸೆದೇಬಿಟ್ಟಳು.

ಸರಿ, ನನ್ನದೊಂದು. ‘ರಿವರ್ಟ್ ಬ್ಯಾಕ್’, ‘ರಿಟರ್ನ್ ಬ್ಯಾಕ್’ ಅಂತ ಬರೆಯುವವರ ಬಗ್ಗೆ ಏನಂತೀರಿ? ‘ರಿ’ ಅಂದರೇ ಹಿಂದಕ್ಕೆ, ಮೇಲೆ ಮತ್ತೆ ಬ್ಯಾಕ್ ಯಾಕೆ?

ಗದಗಿನ ಮಾಸ್ತರ

ಪರೀಕ್ಷೆಯಲ್ಲಿ ನಾನು ಅರ್ಧ ಮಾರ್ಕ್ಸ್ ಕಳೆಯುತ್ತಿದ್ದೆ. ಆದರೆ ಸತ್ಯ ಹೇಳಬೇಕೆಂದರೆ ನಾವೂ ಹಾಗೇ ಮಾತಾಡುತ್ತೇವೆ. ‘ಹೊಳ್ಳಿ ವಾಪಸ್ ಬಂದ’ ಅನ್ನುತ್ತೇವೆ. ವಾಪಸ್ ಪಾರ್ಸಿಯಿಂದ ಬಂದ ಶಬ್ದ, ಅದರಲ್ಲೇ ಹಿಂದಕ್ಕೆ ಅನ್ನುವುದು ಇದೆ. ಗೇಟ್ ಬಾಗಿಲು, ನಡು ಸೆಂಟರ್, ಇದೆಲ್ಲ ಮಾತಿನಲ್ಲಿ ಬರುತ್ತದೆ. ಬರಹದಲ್ಲಿ ಒಂದು ತೆಗೆದರೆ ಸಾಕು, ಜಗಳ ಆಡುವಷ್ಟು ದೊಡ್ಡದಲ್ಲ. ‘ರಿವರ್ಟ್ ಮಿ’ ಅಂತ ಬರೆಯುತ್ತಾರಲ್ಲ, ಅದು ಮಾತ್ರ ನನ್ನ ಕೈಯಲ್ಲಿ ತಡೆಯಲಿಕ್ಕೆ ಆಗುವುದಿಲ್ಲ. ನನ್ನನ್ನು ಮೊದಲಿನ ಸ್ಥಿತಿಗೆ ತನ್ನಿ ಅಂದ ಹಾಗೆ. ಯಾವ ಸ್ಥಿತಿಗೆ, ಕೂಸಿನ ಸ್ಥಿತಿಗಾ?

ಬ್ಯಾಡಗಿ ಖಾರ

ಮಾಸ್ತರೇ, ನಾವು ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು. ಇದನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು? ನನ್ನ ಮಗ ಶಾಲೆಯಲ್ಲಿ ‘ಐ ವಿಲ್ ಗೋ ಅಂಡ್ ಕಮ್’ ಅಂದದ್ದಕ್ಕೆ ನಕ್ಕರಂತೆ.

ಗದಗಿನ ಮಾಸ್ತರ

ಅವರು ‘ಐ ವಿಲ್ ಬಿ ಬ್ಯಾಕ್’ ಅನ್ನುತ್ತಾರೆ, ಇಲ್ಲವೇ ಸುಮ್ನೆ ‘ಬೈ’. ಆದರೆ ತೂಕ ಒಂದೇ ಅಲ್ಲ. ನಮ್ಮಲ್ಲಿ ‘ಹೋಗ್ತೀನಿ’ ಅಂದರೆ ಅಜ್ಜಿ ಬಾಯಿ ಮುಚ್ಚಿಸುತ್ತಿದ್ದಳು. ಕೊನೆಗೆ ಹೋಗುವವರ ಮಾತು ಅದು. ಬರೀ ‘ಬರ್ತೀನ್ರಿ’ ಅಂದೇ ಎದ್ದು ಹೋಗುವವರು ನಾವು. ಹೊರಡುವುದನ್ನು ಬರುವ ಶಬ್ದದಲ್ಲಿ ಹೇಳುತ್ತೇವೆ. ಹುಡುಗನಿಗೆ ನಗಬಾರದಿತ್ತು. ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡ ಅನ್ನಿ.

ಲೈನ್ ಬಜಾರ್

ನಾನು ಅರ್ಧ ಸೋತೆ ಅಂತ ಒಪ್ಪಿಕೊಳ್ಳುತ್ತೇನೆ. ಅರ್ಧ ಮಾತ್ರ. ನಮ್ಮ ಬ್ಯಾಂಕಿನ ಶಾಖೆಗಳ ಮಧ್ಯೆ ರಿವರ್ಟ್ ಅಂತಲೇ ಬರೆಯುತ್ತೇನೆ, ಅಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಗಿರಾಕಿಗೆ, ಹೊರದೇಶದವರಿಗೆ, ಸಾಫ್ಟ್‌ವೇರ್ ವಿಷಯಕ್ಕೆ, ಆಸ್ತಿ ಕಾಗದಕ್ಕೆ ಬೇಡ.

ಕರಿಕೋಟು

ಆಸ್ತಿ ಕಾಗದಕ್ಕೆ ಬೇಡವೇ ಬೇಡ. ‘ಮಾಲೀಕರು ಮೂವತ್ತು ದಿನದೊಳಗೆ ರಿವರ್ಟ್ ಮಾಡತಕ್ಕದ್ದು’ ಅಂತ ಒಬ್ಬರು ಕರಾರಿನ ಕರಡಿನಲ್ಲಿ ಬರೆದು ತಂದಿದ್ದರು. ಉತ್ತರ ಕೊಡಬೇಕಾ, ಜಾಗ ವಾಪಸ್ ಕೊಡಬೇಕಾ? ಸಹಿ ಆಗುವ ಮೊದಲೇ ಕಣ್ಣಿಗೆ ಬಿತ್ತು. ಆಗಿದ್ದರೆ ನನ್ನಂಥವರಿಗೆ ಎಂಟು ವರ್ಷದ ಕೆಲಸ.

ಚಿಗರಿ ಪ್ಯಾಸೆಂಜರ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಗಿರಾಕಿಗೆ ಬರೆದೆ: ಪುಟ ಇದ್ದಲ್ಲೇ ಇರುತ್ತದೆ, ನಿಮ್ಮ ನಾಲ್ಕು ಪ್ರಶ್ನೆಗೆ ಉತ್ತರ ಕೆಳಗಿದೆ, ನಾನು ಬಳಸಿದ ಶಬ್ದಕ್ಕೆ ನಮ್ಮ ದೇಶದಲ್ಲಿ ಬೇರೆ ಅರ್ಥವೂ ಇದೆ. ಅವರು ನಕ್ಕು ಬರೆದಿದ್ದಾರೆ. ಆಫೀಸಿನ ಮೇಲ್ ನಮೂನೆಯಲ್ಲಿ ರಿವರ್ಟ್ ಇದ್ದ ಕಡೆಯೆಲ್ಲ ರಿಪ್ಲೈ ಅಂತ ಮಾಡಿದ್ದೇನೆ, ಹನ್ನೊಂದು ಕಡೆ ಇತ್ತು. ಸಾಹೇಬರು ಇನ್ನೂ ಒಪ್ಪಿಲ್ಲ, ‘ಅದರಾಗ ಗತ್ತು ಇಲ್ಲೋ’ ಅನ್ನುತ್ತಾರೆ.

ಟರ್ನರ್ ಅಣ್ಣಾ, ನಿಮ್ಮದು ಏನಾಯಿತು?

ಗೋಕುಲ ರೋಡ್ ಟರ್ನರ್

ಇವತ್ತು ಫೋನ್ ಮಾಡಿದ್ದರು. ರೇಟ್ ಪರವಾಗಿಲ್ಲ ಅಂದರು. ಮೊದಲು ಐವತ್ತು ಮಾಡಿ ಕಳಿಸಿ, ನೋಡೋಣ ಅಂದರು. ಸ್ಯಾಂಪಲ್ ಯಾಕೆ ವಾಪಸ್ ಕಳಿಸಿದ್ರಿ, ಕೆಲಸ ಬೇಡ ಅಂತಿದ್ದೀರಿ ಅಂದುಕೊಂಡೆವು ಅಂದರು. ಹೂಂ ಅಂದೆ, ಏನು ಹೇಳಲಿ. ಈಗ ಅದನ್ನ ಮತ್ತೆ ಹಾಕಿದ್ದಾರಂತೆ, ಗುರುವಾರ ಹೊಳ್ಳಿ ಬರುತ್ತದೆ. ಒಳಗಿನ ವ್ಯಾಸ ನಾನು ಬರೆದಿಟ್ಟುಕೊಂಡಿರಲಿಲ್ಲ, ಅಲ್ಲೀವರೆಗೆ ಪಿತ್ತಾ­ಳೆ ರಾಡ್ ಕತ್ತರಿಸಿ ಇಡುತ್ತೇನೆ.